ಕೋಳಿ ಕೂಗದ ಹಟ್ಟಿ

ನಮ್ಮ ಹಟ್ಟಿಯಲ್ಲಿ ಕೋಳಿ ಕೂಗುವುದಿಲ್ಲ. ಕೋಳಿಯೇ ಇಲ್ಲದ ಮೇಲೆ ಕೂಗುವುದೆಲ್ಲಿಂದ ಬಂತು? ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಜಾಲಿ ಗಿಡಗಳ ನಡುವಿನ ಮಣ್ಣು ದಾರಿ ಹಿಡಿದರೆ ಸಿಗುವ ಊರು ಅದು. ಕುರಿ ಉಂಟು, ದನ ಉಂಟು, ನಾಯಿಗಳಂತೂ ಬೇಕಾದಷ್ಟು. ಕೋಳಿಯನ್ನು ಮಾತ್ರ ನಮ್ಮ ಜನ ಸಾಕುವುದಿಲ್ಲ, ತಿನ್ನುವುದಿಲ್ಲ, ಅದರ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕುರಿ ಕೊಯ್ದರೆ ಹಬ್ಬ. ಕೋಳಿಯ ಪುಕ್ಕ ಎಲ್ಲಿಂದಲೋ ಹಾರಿ ಬಂದು ಅಂಗಳಕ್ಕೆ ಬಿದ್ದರೆ ರಂಪ. ಯಾಕೆ ಎಂದರೆ ದೇವರಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಚಿಕ್ಕವಳಿದ್ದಾಗ ಕೇಳಿ ಕೇಳಿ ಬೈಸಿಕೊಂಡು ಆಮೇಲೆ ಕೇಳುವುದನ್ನು ಬಿಟ್ಟೆ.

ಇಂಥ ಊರಲ್ಲಿ ಒಂದು ದಿನ ನಸುಕಿಗೆ ಕೋಳಿ ಕೂಗಿತು.

ಅಜ್ಜಿ ದಡಕ್ಕನೆ ಎದ್ದಳು. ಕೋಲು ತೆಗೆದುಕೊಂಡು ಬೀದಿಗಿಳಿದಳು. "ಯಾರ್ಲೇ ಕೋಳಿ ತಂದೋರು? ಹೊರಗ್ ಬರ್ರಿ!" ಎಂದು ಒಂದೊಂದೇ ಮನೆಯ ಬಾಗಿಲು ಬಡಿದಳು. ಜನ ಕಣ್ಣುಜ್ಜಿಕೊಂಡು ಹೊರಗೆ ಬಂದು ಒಬ್ಬರ ಮೇಲೊಬ್ಬರು ಅನುಮಾನಪಟ್ಟರು. ಇಬ್ಬರು ಹೆಂಗಸರು ಹಳೆಯ ಜಗಳವನ್ನೂ ಹೊರಗೆಳೆದರು. ಅಷ್ಟರಲ್ಲಿ ಕೋಳಿ ಇನ್ನೊಮ್ಮೆ ಕೂಗಿತು. ನಮ್ಮ ಮನೆಯೊಳಗಿಂದಲೇ! ನನ್ನ ತಮ್ಮನ ದಿಂಬಿನ ಕೆಳಗಿನ ಫೋನು ಅದು. ಓಟಕ್ಕೆ ಬೇಗ ಏಳಲೆಂದು ಅಲಾರಂ ಇಟ್ಟುಕೊಂಡಿದ್ದ; ಜೊತೆಯ ಹುಡುಗರು ಚೇಷ್ಟೆಗೆ ಕೋಳಿಯ ಕೂಗು ಹಾಕಿಕೊಟ್ಟಿದ್ದರಂತೆ. ಅವನಿಗದು ಗೊತ್ತೂ ಇರಲಿಲ್ಲ, ಕುಂಭಕರ್ಣ, ಇನ್ನೂ ಮಲಗೇ ಇದ್ದ. ಅಜ್ಜಿ ಫೋನನ್ನು ಕೋಲಿನ ತುದಿಯಿಂದ ತಳ್ಳುತ್ತಾ ಹೊಸ್ತಿಲು ದಾಟಿಸಿದಳು. ನಾನು ನಕ್ಕಿದ್ದಕ್ಕೆ ನನಗೂ ಒಂದು ಏಟು ಬಿತ್ತು.

ನಾನು ಬಸ್ಸಿನ ಕಂಡಕ್ಟರ್. ಚಳ್ಳಕೆರೆ–ಮೊಳಕಾಲ್ಮೂರು ನನ್ನ ರೂಟು. ಮದುವೆಯ ಮಾತು ಬಂದಾಗಲೆಲ್ಲ ಡ್ಯೂಟಿ ಐತೆ ಎಂದು ಎದ್ದು ಹೋಗುವವಳು. ಅಪ್ಪ ಅವ್ವ ವರ್ಷದ ಹೆಚ್ಚು ಭಾಗ ಕುರಿಮಂದೆಯ ಹಿಂದೆ ಊರೂರು ಸುತ್ತುತ್ತಾರೆ. ಮನೆಯಲ್ಲಿ ಉಳಿದವರು ಅಜ್ಜಿ, ನಾನು, ತಮ್ಮ. ಅವನನ್ನು ಸಾಕಿದವಳು ಅಜ್ಜಿಯೇ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ, ಹೆಡ್‌ಲೈಟಿನ ಬೆಳಕಿಗೆ, ರಸ್ತೆಯ ಬದಿಯಲ್ಲಿ ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ಓಡುವ ಒಬ್ಬ ಹುಡುಗ ದಿನವೂ ಸಿಗುತ್ತಿದ್ದ. "ಏಮಮ್ಮಾ, ನಿಮ್ಮ ತಮ್ಮುಡಾ? ಬಸ್ಸಿಗೆ ಹತ್ಸ್ಕಳ್ರಿ ಪಾಪ" ಎಂದು ಆಂಧ್ರದ ಗಡಿಯ ಕಡೆಯ ಪ್ರಯಾಣಿಕರು ಕನಿಕರ ಪಡುತ್ತಿದ್ದರು. ನಾನು ಸೀಟಿ ಊದಿ ರೈಟ್ ಎನ್ನುತ್ತಿದ್ದೆ. ಡ್ರೈವರ್ ಮಾತ್ರ ಅವನನ್ನು ದಾಟುವಾಗ ಒಮ್ಮೆ ಹಾರ್ನ್ ಹೊಡೆಯುತ್ತಿದ್ದ.

ಬರೀ ಸೈನ್ಯ ಸೇರುವುದಾಗಿದ್ದರೆ ಅಷ್ಟು ಕಷ್ಟಪಡಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದು ವಿಮಾನದಿಂದ ಹಾರುವ ಕಮಾಂಡೊ ಪಡೆ. ಮೊದಲು ಭರ್ತಿಯಾಗಬೇಕು, ತರಬೇತಿ ಮುಗಿಸಬೇಕು, ಆಮೇಲೆ ತಾನಾಗಿ ಕೈ ಎತ್ತಿ ಈ ಪಡೆಗೆ ಬರುತ್ತೇನೆ ಎನ್ನಬೇಕು. ಅಲ್ಲಿ ತಿಂಗಳುಗಟ್ಟಲೆ ಅರೆದು ನೋಡುತ್ತಾರಂತೆ. ಹೋದವರಲ್ಲಿ ಹೆಚ್ಚಿನವರು ವಾಪಸ್. ಇದನ್ನೆಲ್ಲ ಹೇಳಿಕೊಟ್ಟವರು ಚಳ್ಳಕೆರೆಯ ಒಬ್ಬ ನಿವೃತ್ತ ಸುಬೇದಾರರು. ತಾವು ಆ ಪಡೆಗೆ ಹೋಗಿ ವಾಪಸಾದವರು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಊರ ಹೊರಗಿನ ಬಯಲಲ್ಲಿ ಹುಡುಗರನ್ನು ಓಡಿಸುತ್ತಿದ್ದರು. ಭಾನುವಾರ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲ ಕಡೆಗೋ, ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ಹತ್ತಿಸಲಿಕ್ಕೋ ಕರೆದೊಯ್ಯುತ್ತಿದ್ದರು. ಗಾಯಗೊಂಡವನನ್ನು ಹೊತ್ತು ಓಡುವುದನ್ನು ಮನೆಯಲ್ಲೂ ಅಭ್ಯಾಸ ಮಾಡಿ ಎಂದು ಹೇಳಿದ್ದರು. ನನ್ನ ತಮ್ಮ ಟಗರನ್ನು ಹೆಗಲಿಗೇರಿಸಿಕೊಂಡು ಹೊಲದ ಸುತ್ತ ಓಡಿದ. ಟಗರು ಆ ದಿನವೆಲ್ಲ ಮೇವು ಮುಟ್ಟಲಿಲ್ಲ. ಅಜ್ಜಿ ಟಗರಿನ ಪರವಾಗಿ ಅವನಿಗೆ ಬೈದಳು.

ಅವನ ಮೈ ಕಬ್ಬಿಣವಾಯಿತು ಎಂದು ಹಟ್ಟಿಯವರು ಹೊಗಳಿದರು. ಸುಬೇದಾರರು ಹೊಗಳಲಿಲ್ಲ. "ಬರೀ ಮುದ್ದೆ ತಿಂದ್ರೆ ಆಗಲ್ಲ ಕಣ್ರೋ, ಮೊಟ್ಟೆ ತಿನ್ರಿ" ಎಂದು ಒಂದು ದಿನ ತಾವೇ ಬೇಯಿಸಿ ತಂದು ಹಂಚಿದರು. ಎಲ್ಲರೂ ತಿಂದರು. ಇವನು ಕಣ್ಣು ಮುಚ್ಚಿಕೊಂಡು ನುಂಗಿದ. ನುಂಗಿದವನು ಬಂದು ಹತ್ತಿದ್ದು ನನ್ನದೇ ಬಸ್ಸು. ಚಳ್ಳಕೆರೆ ದಾಟುವ ಮೊದಲೇ ವಾಂತಿ. ಅದೂ ಕಿಟಕಿಯ ಹೊರಗಲ್ಲ, ಒಳಗೆ. ಮಣ್ಣು ಹಾಕಿ ಗುಡಿಸಿದವಳು ಯಾರು? ನಾನೇ. ಸಿಟ್ಟು ನೆತ್ತಿಗೇರಿತ್ತು.

ಮುಂದಿನ ಸೀಟಿನಲ್ಲಿ ನಮ್ಮ ಹಟ್ಟಿಯ ಮುದುಕಿಯೊಬ್ಬಳು ಕೂತಿದ್ದಳು. ಅಯ್ಯೋ ಕೂಸೇ ಎಂದು ಅವನ ಬೆನ್ನು ಸವರಿ, "ಏನ್ ತಿಂದಿದ್ಯಪ್ಪ ಹಿಂಗಾಗಂಗೆ?" ಎಂದು ಕೇಳಿದಳು. ಬಜ್ಜಿ ಅನ್ನಬಹುದಿತ್ತು. ಬಿಸಿಲು ಅನ್ನಬಹುದಿತ್ತು. ನಾನು ಅವಳ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದೆ. ಇವನು ಬಾಯಿ ಒರೆಸಿಕೊಂಡು "ಮೊಟ್ಟೆ" ಎಂದ. ಮುದುಕಿ ಬೆನ್ನ ಮೇಲಿನ ಕೈ ತೆಗೆದಳು.

ಬಸ್ಸಿಗಿಂತ ಮೊದಲು ಸುದ್ದಿ ಮನೆ ಸೇರಿತ್ತು, ಫೋನು ಇರುವುದೇ ಅದಕ್ಕೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಂಗಳದಾಗೆ ಕುಂತ್ಕ" ಎಂದಳು. ನಮ್ಮಲ್ಲಿ ಕೋಳಿ ಮುಟ್ಟಿ ಬಂದವರಿಗೆ ಊಟ, ನಿದ್ದೆ ಎಲ್ಲ ಹೊರಗೆ. ಗುಡಿಯ ಪೂಜಾರಿ ಬಂದು ತೀರ್ಥ ಚಿಮುಕಿಸಿದ ಮೇಲೇ ಒಳಗೆ. ಪೂಜಾರಿ ಮರುದಿನ ಬಂದು ನೀರು ಹಾಕಿದ, ತಮ್ಮ ಒಳಗೆ ಬಂದ. ಅಜ್ಜಿ ಅವನ ತಲೆ ಒರೆಸುತ್ತಾ, "ಯಾರೋ ಕೊಟ್ರು, ನೀ ತಿಂದೆ. ಆ ತಪ್ಪಿಗೆ ಈ ನೀರು ಸಾಕು. ಬೇಕಂತ ತಿಂದೋನಿಗೆ ಈ ನೀರಿಲ್ಲ. ಅವ್ನು ನನ್ನ ಹೊಸ್ತಿಲು ದಾಟಂಗಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ಶನಿವಾರ ಎಂದಂತೆ ಹೇಳಿದಳು.

ಆವತ್ತಿನಿಂದ ಅವನ ಊಟದ ಉಸ್ತುವಾರಿ ಅಜ್ಜಿಯೇ ವಹಿಸಿಕೊಂಡಳು. ಮೊಳಕೆ ಬರಿಸಿದ ಹುರುಳಿ, ಶೇಂಗಾ ಬೆಲ್ಲ, ಕುರಿಯ ಹಾಲು. ಹುರುಳಿ ತಿಂದೇ ಅವನು ಎಲ್ಲರಿಗಿಂತ ಮುಂದೆ ಓಡಿದ. ಸುಬೇದಾರರು "ಹೋಗತ್ಲಾಗೆ, ನಿಂಗೆ ಮೊಟ್ಟೆ ಬ್ಯಾಡ ಬಿಡು" ಎಂದು ಸೋತರು. ಆದರೆ ಆಮೇಲೆ ಒಂದು ಮಾತು ಹೇಳಿದರು. "ನಾನು ಸುಳ್ಳು ಹೇಳಲ್ಲ ತಮ್ಮಾ. ಆ ಪಡೆಯಾಗೆ ನಿಮ್ಮನ್ನ ಕಾಡಿಗೆ ಬಿಡ್ತಾರೆ. ಒಂದು ಜೀವಂತ ಕೋಳಿ ಕೈಗೆ ಕೊಡ್ತಾರೆ. ಚಾಕು ಇಲ್ಲ, ಬೆಂಕಿ ಇಲ್ಲ. ತಿನ್ನು ಅಂತಾರೆ. ತಿನ್ನದೋನು ಮನೀಗೆ."

ಈ ಮಾತನ್ನು ತಮ್ಮ ನನಗೆ ಹೇಳಿದ್ದು ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನಲ್ಲಿ, ಟ್ರಿಪ್ಪಿನ ಮಧ್ಯೆ ನಾನು ಟೀ ಕುಡಿಯುವಾಗ. ಬೆಟ್ಟ ಹತ್ತಿ ಇಳಿದು ಬಂದಿದ್ದ, ಅಂಗಿಯೆಲ್ಲ ಉಪ್ಪು. ವಿಮಾನದಿಂದ ಹಾರುವುದಕ್ಕೆ ಅವನಿಗೆ ಭಯವಿರಲಿಲ್ಲ. ಇದಕ್ಕೆ ಇತ್ತು.

"ಅಷ್ಟಕ್ಕೇ ಇಷ್ಟಾ?" ಎಂದೆ. "ಅಲ್ಲಿ ತಿನ್ನು, ಇಲ್ಲಿ ಬಂದು ಬಾಯಿ ಮುಚ್ಕೊಂಡಿರು. ಬಳ್ಳಾರಿ ಹೋಟ್ಲಿಗೆ ದುಡಿಯಾಕೆ ಹೋದೋರೆಲ್ಲ ಏನ್ ಮಾಡ್ತಾರೆ ಅನ್ಕೊಂಡಿದೀಯ? ಬಿರಿಯಾನಿ ತಿಂದು ಬಂದು ಗುಡಿ ಮುಂದೆ ಅಡ್ಡಬೀಳ್ತಾರೆ. ಯಾರೂ ಕೇಳಲ್ಲ, ಯಾರೂ ಹೇಳಲ್ಲ."

"ಅಜ್ಜಿ ಕೇಳಿದ್ರೆ?"

"ಇಲ್ಲ ಅನ್ನು. ನಾಲಿಗೆ ಏನು ಸವೆದು ಹೋಗುತ್ತಾ?"

ಅವನು ಟೀ ಲೋಟ ಕೆಳಗಿಟ್ಟ. "ಸುಳ್ಳು ಹೇಳ್ಕೊಂಡು ಅಜ್ಜಿ ಕೈಯಾಗೆ ಉಣ್ಣಾಕೆ ನಂಗಾಗಲ್ಲ ಅಕ್ಕಾ" ಎಂದ. ನನಗೆ ರೇಗಿತು. ಇಷ್ಟು ಮೊಂಡನನ್ನು ಯಾವ ಸೈನ್ಯ ಇಟ್ಟುಕೊಳ್ಳುತ್ತದೆ ಎಂದು ಕೇಳಿ ಸೀಟಿ ಊದಿಕೊಂಡು ಬಸ್ಸು ಹತ್ತಿದೆ. ಆ ದಿನ ಪ್ರಯಾಣಿಕರಿಗೆಲ್ಲ ನನ್ನಿಂದ ಚೆನ್ನಾಗಿ ಬೈಗುಳ ಸಿಕ್ಕಿತು.

ಭರ್ತಿಯಲ್ಲಿ ಪಾಸಾದ. ಹೊರಡುವ ಹಿಂದಿನ ದಿನ ಅಪ್ಪ ಅವ್ವ ಮಂದೆಯನ್ನು ಯಾರಿಗೋ ಒಪ್ಪಿಸಿ ಬಂದಿದ್ದರು. ಕುರಿ ಕೊಯ್ದರು, ನೆಂಟರು ಉಂಡು ಹೋದರು. ಸಂಜೆ ಅಜ್ಜಿ ಮೊದಲೇ ಉಪ್ಪು ಅರಿಶಿನ ಹಚ್ಚಿ ಒಣಗಿಸಿಟ್ಟಿದ್ದ ಬಾಡನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ತಮ್ಮ ಅವಳ ಎದುರಿಗೆ ಕೂತ.

"ಅಜ್ಜಿ, ಅಲ್ಲಿ ಕೋಳಿ ತಿನ್ನಬೇಕಾಗ್ತೈತೆ. ತಿಂತೀನಿ. ತಿಂದ ಮೇಲೆ ನಿಂಗೆ ಹೇಳ್ತೀನಿ."

ಅಜ್ಜಿ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಕುರಿ ಕೊಡಲ್ವೇನ್ಲಾ ಅಲ್ಲಿ?"

"ಕಾಡಾಗೆ ಕುರಿ ಎಲ್ಲಿಂದ ತರ್ತಾರೆ?"

"ಕೋಳಿ ಎಲ್ಲಿಂದ ತರ್ತಾರೋ ಅಲ್ಲಿಂದಲೇ."

ನಮಗೆಲ್ಲ ನಗು ಬಂತು, ಅವಳಿಗೆ ಬರಲಿಲ್ಲ. ಬಾಡಿನ ಗಂಟನ್ನು ಅವನ ಚೀಲದೊಳಗೆ ತುರುಕಿದಳು. "ತಿನ್ನಬ್ಯಾಡ ಅನ್ನಲ್ಲ. ನಿನ್ನ ಕೆಲ್ಸ ನಿಂದು. ಆದ್ರೆ ತಿಂದೋನು ಒಳಗೆ ಬರಂಗಿಲ್ಲ. ನಂಗೆ ಒಂದು ಮಾತು, ಊರಿಗೊಂದು ಮಾತು ಇಲ್ಲ" ಎಂದಳು. ತಮ್ಮ ಸರಿ ಎಂದ. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ನನಗೆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಬಡಿಯಬೇಕೆನ್ನಿಸಿತು. ಬೆಳಿಗ್ಗೆ ಅವನು ಹೊರಡುವಾಗ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತ. ಅದನ್ನು ನಾನೊಬ್ಬಳೇ ನೋಡಿದ್ದು ಎಂದುಕೊಂಡಿದ್ದೆ.

ತರಬೇತಿ ಮುಗಿಯಿತು. ಕೈ ಎತ್ತಿದ್ದೇನೆ ಎಂದು ಫೋನು ಮಾಡಿದ. ಆಮೇಲೆ ಬಹಳ ಕಾಲ ಫೋನಿಲ್ಲ, ಅಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲವಂತೆ. ಅಜ್ಜಿ ಅವನ ಸುದ್ದಿ ಎತ್ತುತ್ತಿರಲಿಲ್ಲ. ಬಸ್ಸು ಅವನು ಓಡುತ್ತಿದ್ದ ಜಾಗ ದಾಟುವಾಗ ಡ್ರೈವರ್ ಅಭ್ಯಾಸಬಲದಿಂದ ಹಾರ್ನ್ ಹೊಡೆಯುತ್ತಿದ್ದ.

ಆಷಾಢದ ಗಾಳಿ ಏಳುವ ಹೊತ್ತಿಗೆ ಒಂದು ಮಧ್ಯಾಹ್ನ ಫೋನು ಬಂತು. ಆವತ್ತು ನನಗೆ ರಜೆ, ಮನೆಯಲ್ಲಿದ್ದೆ. ಆ ಪಡೆಗೆ ಆಯ್ಕೆಯಾಗಿದ್ದ. ಹಟ್ಟಿಗೆಲ್ಲ ಕೇಳುವಂತೆ ಕೂಗಿದೆ. ನನಗೇ ಗೊತ್ತಿಲ್ಲದೆ ಅತ್ತೆ. ಸಂತೋಷವಾಗಿತ್ತು, ಅದನ್ನು ಮುಚ್ಚಿಟ್ಟುಕೊಳ್ಳುವುದು ಯಾಕೆ? ಅಜ್ಜಿಗೆ ಕೊಡು ಎಂದ. ಕೊಟ್ಟೆ, ಸ್ಪೀಕರ್ ಹಾಕಿದೆ.

"ಅಜ್ಜಿ, ತಿಂದೆ."

ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ಅಜ್ಜಿ ಅದನ್ನು ಕಾಲಲ್ಲಿ ಒತ್ತಿ ಹಿಡಿದಳು.

"ಹೊಟ್ಟೆ ತುಂಬ್ತಾ?" ಎಂದು ಕೇಳಿದಳು.

"ಹ್ಞೂಂ" ಎಂದ. "ಹಂಗಾರೆ ಸರಿ" ಎಂದು ಅಜ್ಜಿ ಫೋನು ನನಗೆ ಕೊಟ್ಟಳು.

ಆ ಸಂಜೆ ಮುದ್ದೆ ಬಡಿಸಿ ಕರೆದರೆ ಅಜ್ಜಿ ತಟ್ಟೆ ಎತ್ತಿಕೊಂಡು ಅಂಗಳಕ್ಕೆ ನಡೆದಳು. ಹಿಂದೊಮ್ಮೆ ಮೊಟ್ಟೆ ತಿಂದು ಬಂದಾಗ ತಮ್ಮ ಕೂತಿದ್ದ ಕಲ್ಲಿನ ಪಕ್ಕ ಕೂತು ಉಂಡಳು. ಸೆಖೆಗೆ ಇರಬೇಕು ಎಂದುಕೊಂಡೆ. ಮರುದಿನವೂ ಅಲ್ಲೇ. ಅದರ ಮರುದಿನವೂ. ಆಷಾಢದಲ್ಲಿ ನಮ್ಮ ಕಡೆಯ ಗಾಳಿ ಎಂಥದ್ದು ಎಂದು ಕಂಡವರಿಗೆ ಗೊತ್ತು, ಮುದ್ದೆಗಿಂತ ಮಣ್ಣೇ ಹೆಚ್ಚು ಬಾಯಿಗೆ ಹೋಗುತ್ತದೆ. ಸಾರಿನ ಮೇಲೆ ಧೂಳಿನ ಕೆನೆ. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಏನಿದು ನಿನ್ನ ಹಟ? ಕೋಳಿ ತಿಂದೋನು ಅವನು. ನೀನ್ಯಾಕೆ ಹೊರಗೆ ಕುಂತಿದೀಯ? ಅಷ್ಟು ಸಂಕಟ ಆದ್ರೆ ಅವ್ನನ್ನೇ ಒಳಗೆ ಕರ್ಕ, ಮುಗೀತು!"

"ಕರ್ಕಳಾಕೆ ಬರಂಗಿಲ್ಲ" ಎಂದಳು. ತಟ್ಟೆಗೆ ಸೆರಗು ಅಡ್ಡ ಹಿಡಿದಿದ್ದಳು. "ಅವ್ನು ಹೋಗೋವಾಗ ಹೊಸ್ತಿಲ ಮೇಲೆ ನಿಂತಿದ್ದ, ನೋಡ್ದೆ. ರಜಕ್ಕೆ ಬಂದಾಗ ಒಬ್ನೇ ಇಲ್ಲಿ ಕುಂತ್ರೆ ಮುದ್ದೆ ಗಂಟಲಾಗೆ ಇಳಿಯಲ್ಲ ಆ ಹುಡುಗಂಗೆ. ಚೀಲ ಹೊತ್ಕಂಡು ವರ್ಷಗಟ್ಲೆ ಓಡಿದ, ರೂಢಿ ಆಗ್ಲಿ ಅಂತ. ನಂಗೂ ರೂಢಿ ಆಗ್ಬೇಕಲ್ಲೇ? ಅವ್ನು ಬಂದ ದಿನವೇ ಮೊದ್ಲ ಸಲ ಜೊತೆಗೆ ಕುಂತ್ಕಳಾಕೆ ಹೋದ್ರೆ ಈ ಗಾಳೀಗೆ ನಾ ಕೆಮ್ತಾ ಕುಂತಿರ್ತೀನಿ."

ಒಳಗೆ ಹೋಗಿ ನೀರಿನ ಚೊಂಬು ತಂದು ಅವಳ ಪಕ್ಕ ಇಟ್ಟೆ.

ತಮ್ಮನ ರಜೆ ಇನ್ನೂ ಮಂಜೂರಾಗಿಲ್ಲ. ನಾನು ಡ್ಯೂಟಿ ಮುಗಿಸಿ ಬಂದು, ಮುದ್ದೆ ತೊಳಸಿ, ಎರಡು ತಟ್ಟೆ ಅಂಗಳಕ್ಕೆ ಒಯ್ಯುತ್ತೇನೆ. ಒಂದು ಅಜ್ಜಿಯದು, ಇನ್ನೊಂದು ನನ್ನದು.