ತೂತು ಬಿದ್ದ ಗೂಡು

ಕೂಡ್ಲಿಗಿಯಲ್ಲಿ ಬಸ್ ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕ ಕೂತರು. ಕಾಲ ಬಳಿ ಒಂದು ಚೀಲ, ಅದರ ತುಂಬ ಚಿಟ್ಟೆ ಹಾರಿಹೋದ, ತೂತು ಬಿದ್ದ ರೇಷ್ಮೆಗೂಡು. ಕೊಟ್ಟೂರಿನಲ್ಲಿರುವ ಅವರ ಅಕ್ಕ ಅದರಲ್ಲಿ ಹಾರ ಮಾಡುತ್ತಾಳಂತೆ.

"ನಿಮ್ದು ಏನು ಕೆಲಸ್ರಿ?"

ಮಿದುಳಿನ ಗಡ್ಡೆ ಹೇಗೆ ಹರಡುತ್ತದೆಂದು ಪ್ರಯೋಗಾಲಯದಲ್ಲಿ ನೋಡುತ್ತೇನೆ ಎಂದೆ. ಅಷ್ಟಕ್ಕೇ ಬಿಡುವ ಪೈಕಿ ನಾನಲ್ಲ. ಗಡ್ಡೆ ಕಿಣ್ವ ಎಂಬ ರಸ ಬಿಡುತ್ತದೆ, ಅದು ಸುತ್ತಲಿನ ಪ್ರೋಟೀನನ್ನು ಕರಗಿಸುತ್ತದೆ, ಆ ದಾರಿಯಲ್ಲೇ ಗಡ್ಡೆ ಮುಂದಕ್ಕೆ ನುಗ್ಗುತ್ತದೆ ಎಂದು ವಿವರಿಸಿದೆ.

ಅವರು ಒಂದು ಗೂಡು ತೆಗೆದರು. "ಚಿಟ್ಟಿ ಒಳಗಿಂದ ನೀರು ಉಗುಳಿ, ನೂಲು ಮೆತ್ತಗ ಮಾಡಿ ಹೊರಗ ಬರ್ತೈತಿ. ಹಿಂಗೇನ್ರಿ?"

"ಅದೇ ರೀ! ಅದೂ ಕಿಣ್ವವೇ, ರೇಷ್ಮೆಯೂ ಪ್ರೋಟೀನೇ!" ಖುಷಿಯಿಂದ ಗೂಡು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ.

"ಹಂಗಾರ ನಮ್ಮ ಯಜಮಾನ್ರ ತಲ್ಯಾಗೂ ಹಿಂಗ ಆಗಿರ್ಬೇಕು," ಎಂದರು. "ಅವರು ಹೋಗಿ ವರ್ಷಾತು."

ತಿರುಗಿಸುತ್ತಿದ್ದ ಗೂಡನ್ನು ತೊಡೆಯ ಮೇಲಿಟ್ಟೆ.

"ಚಿಟ್ಟಿ ಆಗಿ ಹೊರಗ ಬರೋಕ ಮೊದ್ಲು, ನೂಲಿಗಂತ ಎಷ್ಟು ಹುಳ ಕುದಿಯಾಕ ಕೊಟ್ಟೀವೋ. ಅದರ ಶಾಪ ಇರಬೌದೇನ್ರಿ?"

ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಒತ್ತಿ ಹೇಳಿದೆ. ಅವರು ತಲೆಯಾಡಿಸಿದರು.

"ಹಂಗಾರ ಅವರಿಗೇ ಯಾಕ ಬಂತ್ರಿ?"

ಹೇಗೆ ಎಂದು ಕೇಳಿದ್ದರೆ ಕೊಟ್ಟೂರಿನವರೆಗೂ ಹೇಳುತ್ತಿದ್ದೆ. ಕಿಟಕಿಯ ಕಡೆ ತಿರುಗಿದೆ.

ಇಳಿಯುವಾಗ ಗೂಡನ್ನು ವಾಪಸು ಚಾಚಿದೆ. "ಇರ್ಲಿ, ಇಟ್ಗಳ್ರಿ. ನಿಮಗ ಹೇಳಾಕ ಬೇಕಾಗ್ತೈತಿ," ಎಂದರು.

ಆ ಮಧ್ಯಾಹ್ನ ಕೊಟ್ಟೂರಿನ ಕಾಲೇಜೊಂದರಲ್ಲಿ ಅದೇ ಗೂಡು ಎತ್ತಿ ಹಿಡಿದು ಗಡ್ಡೆಯ ಬಗ್ಗೆ ಮಾತಾಡಿದೆ. ಎಂಥಾ ಉದಾಹರಣೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಪುಣ್ಯಕ್ಕೆ, ಯಾಕೆ ಎಂದು ಯಾರೂ ಕೇಳಲಿಲ್ಲ.