ಐದಕ್ಕೆ ಐದು

ದೊಡ್ಡಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಒಮ್ಮೆ ಬರೆಯಬೇಕಾದಾಗ ಬರೆಯಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಗೆ ಇಪ್ಪತ್ತೆರಡು ವರ್ಷದಿಂದ ಅವಳೇ ಯಜಮಾನಿ. ಡಾಕ್ಟರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ದೊಡ್ಡಕ್ಕ. ಓದು ಬರುತ್ತಿರಲಿಲ್ಲ, ಕಲೆ ನೋಡಿಯೇ ಹಾಸಿಗೆಬಟ್ಟೆ ಯಾವ ವಾರ್ಡಿನದೆಂದು ಹೇಳುತ್ತಿದ್ದಳು.

ಒಂದು ವರ್ಷ ಮೇಲಿನವರಿಗೆ ಹುಕಿ ಬಂತು. ಹಿರಿಯ ಅಧಿಕಾರಿಗಳು ಸಿಬ್ಬಂದಿಯೊಂದಿಗೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ, ಅವರ ಮಾತು ಎಷ್ಟು ಕೇಳುತ್ತಾರೆ ಎಂದು ಅಳೆಯಬೇಕಂತೆ! ಹತ್ತು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ಓದು ಬಾರದವರಿಗೆ ಓದಿ ಹೇಳಿ ಅಂಕ ತುಂಬುವ ಕೆಲಸ ಗುಮಾಸ್ತನಾದ ನನ್ನ ತಲೆಗೆ ಬಂತು.

“ಕೆಲಸದ ವಿಷಯ ನಿಮಗೆ ಮೊದಲೇ ತಿಳಿಸ್ತಾರಾ?” ಎಂದೆ.

“ಏನ್ ತಿಳಿಸ್ತಾರೆ, ಮಣ್ಣು! ಅಂಟುರೋಗದ ವಾರ್ಡಿನ ಬಟ್ಟೆಗಂಟಿಗೆ ಕೆಂಪು ಪಟ್ಟಿ ಕಟ್ಟಿ ಅಂತ ನಾಲ್ಕು ವರ್ಷದಿಂದ ಬಾಯಿ ಬಡ್ಕೊಂಡೆ. ದೊಡ್ಡ ಡಾಕ್ಟ್ರು ಒಂದ್ಸಲ ಇಲ್ಲಿಗೆ ಬಂದು ನೋಡ್ಲಿ. ಸೊನ್ನೆ ಹಾಕಪ್ಪ. ನಾನು ಹೇಳಿದ್ದನ್ನೂ ಬರಿ.”

“ಬರೆದೆ” ಎಂದೆ. ನಂಬಿ ಹೆಬ್ಬೆಟ್ಟು ಒತ್ತಿದಳು.

ಬರೆದಿರಲಿಲ್ಲ. ನನ್ನ ಬಡ್ತಿಯ ಕಡತ ಆಸ್ಪತ್ರೆಯ ಮುಖ್ಯಸ್ಥರಾದ ಆ ದೊಡ್ಡ ಡಾಕ್ಟರ ಮೇಜಿನ ಮೇಲೆ ಕೂತಿತ್ತು. ಊರ ಉಸಾಬರಿ ನನಗ್ಯಾಕೆ ಎಂದುಕೊಂಡು ಹತ್ತಕ್ಕೂ ಐದೈದು ಹಾಕಿದೆ. ಅವಳೊಬ್ಬಳದಲ್ಲ, ಹೆಬ್ಬೆಟ್ಟು ಒತ್ತಿದ ಹದಿನೇಳು ಜನರದ್ದೂ.

ಆಸ್ಪತ್ರೆಗೆ ಪ್ರಶಂಸಾಪತ್ರ ಬಂತು, ನನಗೆ ಬಡ್ತಿ ಬಂತು. ಎರಡು ತಿಂಗಳ ಮೇಲೆ ಹೊಸ ಹೊದಿಕೆಗಳ ಲೆಕ್ಕ ನೋಡಲು ಒಗೆಯುವ ಕೋಣೆಗೆ ಹೋದೆ. ಯಂತ್ರದ ಪಕ್ಕ ಒಂದು ಕುರ್ಚಿ, ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ.

“ಯಾರಿಗೆ ಈ ಸಿಂಹಾಸನ?” ಎಂದು ತಮಾಷೆ ಮಾಡಿದೆ.

ಜೊತೆಗೆಲಸದವಳು ನಕ್ಕಳು. “ದೊಡ್ಡ ಡಾಕ್ಟ್ರಿಗೆ! ಬರೆಸಿ ಕಳ್ಸಿದೀನಿ, ಬಂದೇ ಬರ್ತಾರೆ ಅಂತ ದೊಡ್ಡಕ್ಕ ದಿನಾ ಬಟ್ಟೆ ಬದಲಾಯಿಸ್ತಾಳೆ.”

ಆಗ ದೊಡ್ಡಕ್ಕನ ಬಲಗೈ ನೋಡಿದೆ. ಬೆರಳಿಗೆ ಪಟ್ಟಿ ಸುತ್ತಿತ್ತು. ಕೆಂಪು ಪಟ್ಟಿ ಕಟ್ಟದೆ ಬಂದ ಗಂಟನ್ನು ಬಿಚ್ಚುವಾಗ ಒಳಗಿದ್ದ ಸೂಜಿ ಚುಚ್ಚಿತ್ತಂತೆ. ಅಂಟುರೋಗದ ವಾರ್ಡಿನದು. ರಕ್ತಪರೀಕ್ಷೆಯ ಉತ್ತರ ಇನ್ನೂ ಬಂದಿರಲಿಲ್ಲ.

“ದೊಡ್ಡಕ್ಕಾ, ಅವತ್ತು ನಾನು...” ಎಂದೆ.

“ಯಾಕಪ್ಪಾ ಮುಖ ಸಪ್ಪಗಾಯ್ತು? ಅವ್ರು ಬರೋವರೆಗೆ ನೀನೇ ಕೂತ್ಕೋ. ನಮ್ಮ ಮಾತನ್ನ ಮೇಲೆ ಮುಟ್ಟಿಸಿದೋನು ನೀನೊಬ್ನೇ.”

ಎಡಗೈಯಿಂದ ಕುರ್ಚಿಯ ಬಟ್ಟೆ ಸರಿಪಡಿಸಿದಳು. ಮಾನಗೆಟ್ಟವನು, ನಾನು ಕೂತೆ.