ಇಳಿಯಲೊಲ್ಲದ ಧೂಳು

"ಮೋಡಕ್ಕಿಂತ ಮೇಲಿರೋ ಧೂಳು ನೋಡೋಕೆ ನಿಂಗೆ ದುಡ್ಡು ಕೊಡ್ತಾರಲ್ಲ, ನಮ್ಮನೆ ಅಟ್ಟದ ಧೂಳು ಯಾರು ನೋಡ್ತಾರೆ?" ಅಂತ ಅಮ್ಮ ಬೆಳಗ್ಗೆ ಬೆಳಗ್ಗೆಯೇ ಶುರು ಮಾಡುತ್ತಿದ್ದಳು. ನಾನು ಬುತ್ತಿ ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಇದು ತೊಂಬತ್ತರ ದಶಕದ ನಡುವಿನ ಮಾತು. ಹೊರಮಾವು ಆಗಿನ್ನೂ ಅರ್ಧ ಹಳ್ಳಿ. ನಮ್ಮ ರಾಗಿ ಹೊಲದಲ್ಲಿ ಆಗಲೇ ಸೈಟಿನ ಕಲ್ಲು ನೆಟ್ಟಿದ್ದರು. ಅಲ್ಲಿಂದ ಎರಡು ಬಸ್ಸು ಹಿಡಿದು ಇಂದಿರಾನಗರದಾಚೆಯ ಒಂದು ಸಂಶೋಧನಾ ಸಂಸ್ಥೆಗೆ ಹೋಗಿ, ಪಿಎಚ್‌ಡಿ ಹೆಸರಿನಲ್ಲಿ ನಾನು ಧೂಳು ಬೀಳಿಸುತ್ತಿದ್ದೆ.

ಧೂಳು ಅಂದರೆ ಮಣ್ಣಲ್ಲ. ಕೆಲವು ವರ್ಷ ಹಿಂದೆ ಫಿಲಿಪೀನ್ಸಿನಲ್ಲಿ ದೊಡ್ಡ ಜ್ವಾಲಾಮುಖಿಯೊಂದು ಸಿಡಿದಿತ್ತು. ಅದರ ಅನಿಲ ವಿಮಾನಗಳು ಹಾರುವುದಕ್ಕಿಂತಲೂ ಎತ್ತರಕ್ಕೆ ಹೋಗಿ ಆಮ್ಲದ ಸಣ್ಣ ಸಣ್ಣ ಹನಿಗಳಾಗಿತ್ತು; ಏರೋಸಾಲ್ ಅನ್ನುವುದು ಇದನ್ನೇ. ಅಷ್ಟು ಮೇಲೆ ಮಳೆಯಿಲ್ಲ, ತೊಳೆದು ಕೆಳಗಿಳಿಸುವವರಿಲ್ಲ. ಹನಿಗಳು ತಮ್ಮ ಭಾರಕ್ಕೆ ತಾವೇ ಇಳಿಯಬೇಕು. ದೊಡ್ಡದು ಬೇಗ ಇಳಿಯುತ್ತದೆ, ಚಿಕ್ಕದು ನಿಧಾನ. ಆ ಇಳಿತವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಮಾಡೆಲ್ ನನ್ನದು. ಬಲೂನು ಹಾರಿಸಿ ಹನಿಗಳ ಗಾತ್ರ ಅಳೆದು ತರುವ ಕೆಲಸ ಪಕ್ಕದ ಮೇಜಿನಲ್ಲಿ ಕೂರುವ ಒಬ್ಬರದು.

ಪಕ್ಕದ ಮೇಜಿನವರು ಶಿವಾಜಿನಗರದವರು. ಕೆಲಸದಲ್ಲಿ ಅಚ್ಚುಕಟ್ಟು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಜನವರಿಯ ಸೆಮಿನಾರಿನಲ್ಲಿ ನಾನು ತೋರಿಸಿದ ಗ್ರಾಫಿನಲ್ಲಿ ಹನಿಗಳು ಬಲೂನು ಕಂಡದ್ದಕ್ಕಿಂತ ತೀರಾ ಬೇಗ ಇಳಿದುಬಿಟ್ಟಿದ್ದವು. ಎಲ್ಲರೆದುರು ಅವರು, "ಇದು ಏರೋಸಾಲ್ ಅಲ್ಲ ಮೇಡಂ, ಜಲ್ಲಿ. ಲಾರಿಯಿಂದ ಸುರಿದಂಗಿದೆ" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು, ನಮ್ಮ ಗೈಡ್ ಕೂಡ. ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಕೋಪ ಬರುವುದು ತಡ, ಬಂದರೆ ಹೋಗುವುದು ಇನ್ನೂ ತಡ. ಅವತ್ತೇ ಅವರ ಜೊತೆ ಮಾತು ಬಿಟ್ಟೆ.

ಮಾತು ಬಿಡುವ ಕಾಲವೂ ಅದಾಗಿರಲಿಲ್ಲ. ಗೈಡ್ ಮೇ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಗ್ರಾಫಿನಲ್ಲಿ ನನ್ನ ಮಾಡೆಲ್ಲಿನ ಗೆರೆ ಬಲೂನಿನ ಅಳತೆಯ ಚುಕ್ಕಿಗಳ ಮೇಲೆ ಕೂರಬೇಕು, ಅವರು ಥೀಸಿಸ್ಸಿಗೆ ಸಹಿ ಹಾಕಬೇಕು. ಇಲ್ಲವಾದರೆ ಹೊಸ ಗೈಡ್, ಹೊಸ ವಿಷಯ, ಮತ್ತೆ ಮೊದಲಿನಿಂದ. ಅಷ್ಟು ವರ್ಷ ಮನೆಯಲ್ಲಿ ಕಾಯಲು ಯಾರಿಗೂ ತಾಳ್ಮೆ ಉಳಿದಿರಲಿಲ್ಲ, ನನಗೂ ಇರಲಿಲ್ಲ.

ತಪ್ಪು ಬೇಗನೇ ಸಿಕ್ಕಿತು. ಪಕ್ಕದ ಮೇಜಿನಿಂದ ಬರುವ ಫೈಲಿನಲ್ಲಿದ್ದ ಬಲೂನಿನ ಅಂಕಿಗಳು ಹನಿಯ ವ್ಯಾಸ. ನನ್ನ ಪ್ರೋಗ್ರಾಮು ಅದನ್ನು ತ್ರಿಜ್ಯ ಅಂದುಕೊಂಡು ಓದುತ್ತಿತ್ತು. ಹಾಗಾಗಿ ಪ್ರತಿ ಹನಿಯೂ ಇರುವುದರ ಎರಡರಷ್ಟು ದಪ್ಪವಾಗಿತ್ತು. ಪ್ರೋಗ್ರಾಮಿನಲ್ಲೇ ಅರ್ಧ ಮಾಡಿದೆ. ಪಕ್ಕದ ಮೇಜಿಗೆ ಹೇಳಲಿಲ್ಲ. ಯಾಕೆ ಹೇಳಲಿ?

ಎಲ್ಲರೂ ಹಂಚಿಕೊಳ್ಳುವ ಕಂಪ್ಯೂಟರಿನಲ್ಲಿ ನನ್ನ ಸರದಿ ಬಂದಾಗ ಓಡಿಸಿ ನೋಡಿದೆ. ಈಗ ಹನಿಗಳು ಇಳಿಯಲೇ ಒಲ್ಲವು! ಗಾಳಿಯ ಸಾಂದ್ರತೆ ನೋಡಿದೆ, ಉಷ್ಣತೆ ನೋಡಿದೆ, ಬರೆದ ಸಾಲುಗಳನ್ನೆಲ್ಲ ಬೆರಳಿಟ್ಟು ಓದಿದೆ. ಫೆಬ್ರವರಿ ಕಳೆದು ಮಾರ್ಚ್ ಬಂದರೂ ಗೆರೆ ಮೇಲೇ ನಿಂತಿತ್ತು. ಸಂಜೆ ಬಸ್ಸು ಹಲಸೂರು ಕೆರೆ ದಾಟುವಾಗ ಪಡುವಣ ಆಕಾಶ ನೋಡುತ್ತಿದ್ದೆ. ಜ್ವಾಲಾಮುಖಿ ಸಿಡಿದ ಮರುವರ್ಷ ಅಲ್ಲಿ ಹೊತ್ತು ಮುಳುಗಿದ ಮೇಲೂ ಆ ಹನಿಗಳಿಂದಾಗಿ ನೇರಳೆ ಬಣ್ಣ ಉಳಿಯುತ್ತಿತ್ತು. ಈಗ ಮಾಮೂಲಿ ಆಕಾಶ. ನಿಜವಾದ ಹನಿಗಳು ನನ್ನನ್ನು ಕೇಳದೆ ಹೆಚ್ಚೂಕಡಿಮೆ ಇಳಿದೇ ಹೋಗಿದ್ದವು. ನನ್ನವಕ್ಕೆ ಏನು ಧಾಡಿ ಅಂತ ಅಳು ಬರುತ್ತಿತ್ತು.

ಈ ನಡುವೆ ರಂಜಾನ್ ಹಬ್ಬ ಮುಗಿದ ಮರುದಿನ ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಒಳಗೆ ಶೀರ್‌ಕುರ್ಮಾ, ಹಾಲು ಖರ್ಜೂರದ ಶ್ಯಾವಿಗೆ ಪಾಯಸ. ಪ್ರತಿ ವರ್ಷ ಅವರು ಕೈಯಾರೆ ಕೊಡುತ್ತಿದ್ದರು. ಈ ಸಲ ಇಟ್ಟು ಹೋಗಿದ್ದರು. ಮನೆಗೆ ಒಯ್ದು ಅಮ್ಮನೂ ನಾನೂ ತಿಂದೆವು. ಕೋಪವಿದ್ದರೂ ರುಚಿ ಚೆನ್ನಾಗಿತ್ತು.

ತೊಳೆದಿಟ್ಟ ಡಬ್ಬಿ ಯುಗಾದಿಯವರೆಗೂ ಅಡುಗೆಮನೆಯಲ್ಲೇ ಉಳಿಯಿತು. ಹಬ್ಬದ ಮಾರನೇ ದಿನ ಅಮ್ಮ ಅದರ ತುಂಬ ಒಬ್ಬಟ್ಟು ಇಟ್ಟು ಮುಂದೆ ಹಿಡಿದಳು. ತಿಂಡಿ ತುಂಬಿ ಬಂದ ಡಬ್ಬಿ ನಮ್ಮನೆಯಿಂದ ಬರಿದಾಗಿ ವಾಪಸ್ ಹೋಗುವುದಿಲ್ಲ.

"ಅವ್ರ ಮೇಜಿನ ಮೇಲಿಟ್ಟು ಬರ್ತೀನಿ" ಅಂದೆ.

"ತುಂಬಿದ ಡಬ್ಬಿ ಕೈಗೆ ಕೊಡ್ಬೇಕು ಕಣೇ. ಜಗಳ ನಿಮ್ದು, ಡಬ್ಬಿದಲ್ಲ."

"ಅಮ್ಮ ಕೊಟ್ಟಿದ್ದು" ಅಂತ ಮಾತ್ರ ಹೇಳಿ ಹೊರಡುವುದೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಅಷ್ಟೇ ಹೇಳಿದೆ ಕೂಡ. ಅವರು ಮುಚ್ಚಳ ತೆಗೆದು, ನನ್ನ ಮುಖ ನೋಡದೆ ಕೇಳಿದರು: "ನಿಮ್ಮ ಹನಿ ಈಗ ಸರಿಯಾಗಿ ಇಳೀತಿದಾವಲ್ಲ? ಸೆಮಿನಾರ್ ಆದ್ಮೇಲೆ ನೋಡ್ಕೊಂಡೆ, ನಾನು ಡಯಾಮೀಟರ್ ಕೊಟ್ಬಿಟ್ಟಿದ್ದೆ. ನಗಾಡಿದ್ದು ಬೇರೆ. ಹೇಳೋಕೆ ಮುಖ ಇರ್ಲಿಲ್ಲ ಮೇಡಂ. ಫೈಲ್‌ನಲ್ಲೇ ಸದ್ದಿಲ್ದೆ ಅರ್ಧ ಮಾಡಿ ಇಟ್ಟೆ."

ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. "ಅಯ್ಯೋ, ನಾನೂ ಅರ್ಧ ಮಾಡಿದೀನಲ್ರೀ!"

ಹನಿ ಅರ್ಧದ ಅರ್ಧವಾಗಿ ಕಾಲಷ್ಟೇ ಉಳಿದಿತ್ತು. ಹಿಂದೆ ಒಟ್ಟು ಮನೆಯಲ್ಲಿದ್ದಾಗ ಅಮ್ಮನೂ ಚಿಕ್ಕಮ್ಮನೂ ಮಾತು ಬಿಟ್ಟ ದಿನಗಳಲ್ಲಿ ನಮ್ಮನೆ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ನಾವಿಬ್ಬರೂ ಓದಿದವರು, ಅದನ್ನೇ ಆಕಾಶಕ್ಕೆ ಮಾಡಿದ್ದೆವು. ನನ್ನ ಪ್ರೋಗ್ರಾಮಿನಲ್ಲಿ ಅರ್ಧ ಮಾಡುವ ಆ ಒಂದು ಸಾಲು ಅಳಿಸಿ ಮತ್ತೆ ಓಡಿಸಿದೆ. ಮರುದಿನ ಬಂದು ನೋಡಿದರೆ ಗೆರೆ ಸರಾಗವಾಗಿ ಇಳಿದು ಬಲೂನಿನ ಚುಕ್ಕಿಗಳ ಮೇಲೆ ಕೂತಿತ್ತು. ನಾನು ನಿಂತಲ್ಲೇ ಅತ್ತುಬಿಟ್ಟೆ. ಅವರಿಗೆ ಏನು ಮಾಡಬೇಕೋ ತೋಚದೆ ಉಳಿದಿದ್ದ ಒಬ್ಬಟ್ಟು ಮುಂದೆ ತಳ್ಳಿದರು.

ಇಬ್ಬರೂ ಸೇರಿ ಗೈಡ್ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆವು. ಅವರು ಕನ್ನಡಕ ಹಣೆಗೇರಿಸಿ ಗ್ರಾಫನ್ನು ನೋಡಿದರು.

"ಇಷ್ಟು ದಿನ ಹಾಳಾಯ್ತಲ್ಲಮ್ಮ. ತಪ್ಪು ಯಾರ್ದು?"

"ನಂದು ಸಾರ್" ಅಂದೆ. ಪಕ್ಕದಿಂದಲೂ ಅದೇ ಹೊತ್ತಿಗೆ ಬಂತು: "ನಂದು ಸಾರ್."

ಗೈಡ್ ಪೆನ್ನಿನ ಕ್ಯಾಪು ತೆಗೆದರು. "ನೋಡಿ, ಮತ್ತೆ ಅದೇ ಮಾಡ್ತಿದೀರಿ. ಒಬ್ರು ಒಪ್ಕೊಂಡ್ರೆ ಸಾಕು."